ಆ ಯಾರಾದರೂ ನೀನೇ ಆಗಬೇಕಾ?

ಕೊರೊನಾ ಬಂದ ಮೊದಲ ವರ್ಷ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಅದರಿಂದಲೇ ತೀರಿಕೊಂಡರು. ಗುಬ್ಬಿಯ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರು. ಮಧ್ಯಾಹ್ನ ನನ್ನ ಡಬ್ಬಿಯ ಉಪ್ಪಿನಕಾಯಿಗೆ ಕೈ ಹಾಕದೆ ಅವರ ಊಟ ಮುಗಿಯುತ್ತಿರಲಿಲ್ಲ. ಅಂಥವರ ಮಣ್ಣಿಗೆ ಹೋಗುವುದಕ್ಕೂ ಆಗಲಿಲ್ಲ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕೂತು, ಫೋನಿನಲ್ಲಿ ಬಂದ ಅವರ ಹಳೆಯ ಫೋಟೋದ ಕೆಳಗೆ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುವುದನ್ನು ನೋಡುತ್ತಿದ್ದೆ. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅದೇ ಚಳಿಗಾಲದಲ್ಲಿ ಪೇಪರಿನ ಒಳಪುಟದ ಒಂದು ಸಣ್ಣ ಸುದ್ದಿ ಕಣ್ಣಿಗೆ ಬಿತ್ತು. ಹೊಸ ಲಸಿಕೆಯೊಂದರ ಪ್ರಯೋಗಕ್ಕೆ ಬೆಂಗಳೂರಿನ ಆಸ್ಪತ್ರೆಯೊಂದು ಸ್ವಯಂಸೇವಕರನ್ನು ಹುಡುಕುತ್ತಿದೆ, ಜನ ಸಾಕಷ್ಟು ಮುಂದೆ ಬರುತ್ತಿಲ್ಲ ಎಂದಿತ್ತು. ಪೇಪರನ್ನು ಮಡಚಿ ಟೀಪಾಯಿಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿಡಿಸಿ ಓದಿದೆ. ನನ್ನ ಯಜಮಾನರು ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಸಂಜೆ ಅವರು ಬಂದು ಕೈಕಾಲು ತೊಳೆದ ಮೇಲೆ ಹೇಳಿದೆ.

"ನಿಂಗೇನಾದ್ರೂ ಆದ್ರೆ?" ಎಂದರು.

"ತರಕಾರಿ ತರಕ್ಕೆ ಹೋದ್ರೂ ಆ ಹೆದ್ರಿಕೆ ಇದ್ದೇ ಇದೆಯಲ್ಲ."

ಕಾಫಿ ಕುಡಿದು ಲೋಟ ತೊಳೆದಿಟ್ಟರು. ಆಮೇಲೆ, "ಸರಿ, ಮೊದ್ಲು ಹೋಗಿ ಕೇಳೋಣ. ನಾನೂ ಬರ್ತೀನಿ. ಸರಿ ಅನ್ನಿಸ್ದಿದ್ರೆ ವಾಪಸ್ ಬಂದ್ಬಿಡೋದು" ಎಂದರು. ಅವರು ಬೇಡ ಎಂದಿದ್ದರೆ ನಾನು ಬಹುಶಃ ಅಲ್ಲಿಗೇ ಬಿಡುತ್ತಿದ್ದೆ. ಹಾಗಾಗಿ ಇದರಲ್ಲಿ ನನ್ನ ಧೈರ್ಯವೆಷ್ಟು, ಅವರದೆಷ್ಟು ಎಂದು ಈಗಲೂ ಹೇಳಲಾರೆ.

ಆಸ್ಪತ್ರೆಯಲ್ಲಿ ನಮ್ಮನ್ನು ಕೂರಿಸಿಕೊಂಡು ಮಾತಾಡಿದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವರು ನಮ್ಮನ್ನು ಒಪ್ಪಿಸಲು ನೋಡಲೇ ಇಲ್ಲ, ಅದೇ ನನಗೆ ಆಶ್ಚರ್ಯ. ಏನೇನು ತೊಂದರೆ ಆಗಬಹುದು ಎಂಬುದನ್ನೇ ಮೊದಲು ಹೇಳಿದರು. "ಇದರಿಂದ ನಿಮಗೆ ಒಳ್ಳೇದಾಗುತ್ತೆ ಅಂತ ನಾನು ಮಾತು ಕೊಡಲ್ಲ. ನಡುವೆ ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು, ಕಾರಣ ಕೂಡ ಹೇಳಬೇಕಾಗಿಲ್ಲ" ಎಂದರು. ಅರ್ಧ ಜನಕ್ಕೆ ನಿಜವಾದ ಲಸಿಕೆ, ಉಳಿದರ್ಧ ಜನಕ್ಕೆ ಬರೀ ಉಪ್ಪುನೀರು ಕೊಡುತ್ತಾರೆ, ಯಾರಿಗೆ ಯಾವುದು ಹೋಯಿತೆಂದು ನನಗೂ ತಿಳಿಯುವುದಿಲ್ಲ, ಚುಚ್ಚುವವರಿಗೂ ತಿಳಿಯುವುದಿಲ್ಲ ಎಂದು ವಿವರಿಸಿದರು.

ಯಜಮಾನರು ಸಂಕೋಚದಿಂದಲೇ ಕೇಳಿದರು: "ಆಮೇಲೆ ಕಾಯಿಲೆ ಅಂಟ್ಸಿ ನೋಡ್ತೀರಾ ಮೇಡಂ?"

"ಇಲ್ಲ ಸರ್. ಯಾರಿಗೂ ಕಾಯಿಲೆ ತರಿಸಲ್ಲ. ಇವರು ಮಾಸ್ಕ್ ಹಾಕ್ಕೊಂಡು ಎಂದಿನ ಹಾಗೇ ಇರ್ತಾರೆ. ನಾವು ಆಗಾಗ ಫೋನ್ ಮಾಡ್ತೀವಿ, ರಕ್ತ ಪರೀಕ್ಷೆ ಮಾಡ್ತೀವಿ, ಅಷ್ಟೇ."

ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಎಂದು ಕಳಿಸಿದರು. ಮುಂದಿನ ವಾರ ಹೋಗಿ ಸಹಿ ಹಾಕಿ ಚುಚ್ಚಿಸಿಕೊಂಡೆ. ಸಂಕ್ರಾಂತಿಯ ಎಳ್ಳು ಹುರಿಯುವ ದಿನಗಳು ಅವು.

ಬಸ್ಸಿನಲ್ಲಿ ವಾಪಸ್ ಬರುವಾಗ ಏನೂ ಇರಲಿಲ್ಲ. ಮನೆಗೆ ಬಂದು ಮಲಗಿದವಳಿಗೆ ಮೈಕೈ ನೋವು ಶುರುವಾಯಿತು. ಬೆಳಿಗ್ಗೆ ಮೈ ಕಾದಿತ್ತು. ಪಕ್ಕದ ಮನೆಯಾಕೆ ನಮಗಿಂತ ಮೊದಲಿನಿಂದ ಆ ಬೀದಿಯಲ್ಲಿರುವವರು. ಅವರ ಯಜಮಾನರದು ಬೀರು, ಮಂಚ ಮಾಡುವ ವರ್ಕ್‌ಶಾಪ್. ನಾನು ಆಕೆಯನ್ನು ಅಕ್ಕ ಅನ್ನುವ ಹಾಗೆ ಆಪಾ ಎನ್ನುತ್ತೇನೆ, ಆಕೆ ನನ್ನನ್ನು ಟೀಚರ್ ಎನ್ನುತ್ತಾರೆ. ವಿಷಯ ತಿಳಿದದ್ದೇ ಬಿಸಿ ಗಂಜಿ ಹಿಡಿದು ಬಂದರು. ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ ಅಂದುಕೊಂಡೆ. ಒಳಗೆ ಬಂದು ಹಣೆ ಮುಟ್ಟಿ ನೋಡಿದರು. ಆ ಕಾಲದಲ್ಲಿ ಯಾರೂ ಯಾರ ಹಣೆಯನ್ನೂ ಮುಟ್ಟುತ್ತಿರಲಿಲ್ಲ.

"ನಮ್ಮೋರೆಲ್ಲ ಬೈತಾವ್ರೆ ಟೀಚರ್. ಓದಿರೋ ಹೆಂಗಸು, ಇಲಿಗೆ ಚುಚ್ಚೋದನ್ನ ತನಗೆ ಚುಚ್ಚಿಸ್ಕೊಂಡು ಬಂದವ್ಳೆ ಅಂತ."

"ನೀವೇನಂದ್ರಿ ಆಪಾ?"

"ನಾನೇನನ್ಲಿ? ನಂಗೂ ಹೆದ್ರಿಕೇನೇ. ಆದ್ರೆ ಜ್ವರ ಬಂದಾಗ ಗಂಜಿ ಬೇಕಲ್ಲ" ಎಂದು ನಕ್ಕರು.

ಜ್ವರದ ಸುದ್ದಿ ಅದು ಹೇಗೋ ಊರಿಗೂ ಮುಟ್ಟಿತು. ನನ್ನ ತವರು ಕುಣಿಗಲ್ ತಾಲ್ಲೂಕಿನಲ್ಲಿ, ಯಡಿಯೂರಿಗೆ ಹತ್ತಿರದ ಒಂದು ಹಳ್ಳಿ. ಅಪ್ಪ ಅಲ್ಲಿನ ಹಾಲಿನ ಡೈರಿಯಲ್ಲಿ ಬಹಳ ಕಾಲ ಕಾರ್ಯದರ್ಶಿಯಾಗಿದ್ದವರು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಸಂಜೆ ಡೈರಿಯ ಜಗಲಿಯ ಮೇಲೆ ಕೂರುವುದನ್ನು ಬಿಟ್ಟವರಲ್ಲ. ನಾನು ಅವರಿಗೆ ಹೇಳಿರಲಿಲ್ಲ, ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಮಧ್ಯಾಹ್ನಕ್ಕೆಲ್ಲ ಟಿವಿಎಸ್ ಓಡಿಸಿಕೊಂಡು ಮನೆ ಮುಂದೆ ಇಳಿದರು. ಅಷ್ಟು ದೂರ ಅವರು ಆ ಗಾಡಿಯಲ್ಲಿ ಬಂದದ್ದು ಅದೇ ಮೊದಲು.

ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಏನವ್ವ, ಊಟಕ್ಕಿಲ್ವಾ ನಿಮ್ ಮನೇಲಿ? ಮೈ ಮಾರ್ಕಳಾ ಗತಿ ಬಂತಾ ನಿಂಗೆ?"

"ಯಾರೂ ಮಾರ್ಕೊಂಡಿಲ್ಲಪ್ಪ. ನಾನಾಗಿ ನಾನೇ ಹೋಗಿದ್ದು."

"ಊರಲ್ಲಿ ಏನಂತಾವ್ರೆ ಗೊತ್ತಾ? ಮಗ್ಳನ್ನ ಓದ್ಸಿದ್ದು ಇದುಕ್ಕೇನ ಅಂತಾವ್ರೆ."

ನನಗೂ ಜ್ವರದಲ್ಲಿ ಸಿಟ್ಟು ಬಂತು. "ಹಸುಗಳಿಗೆ ಕಾಲುಬಾಯಿ ಜ್ವರದ ಸೂಜಿ ಹಾಕ್ಸಿ ಅಂತ ಮನೆಮನೆ ತಿರುಗ್ತಿದ್ದೋನು ನೀನೇ ಅಲ್ವಾ? ಜನ ಬಯ್ಯೋರು, ಆದ್ರೂ ಬಿಡ್ತಿರಲಿಲ್ಲ."

"ಅದು ಗೊತ್ತಿರಾ ಔಸ್ದಿ ಕಣವ್ವ. ಇದು ಯಾರಿಗೂ ಗೊತ್ತಿಲ್ಲ."

"ಗೊತ್ತಾಗಬೇಕು ಅಂದ್ರೆ ಯಾರಾದ್ರೂ ಮೊದ್ಲು ಹಾಕ್ಸ್ಕೋಬೇಕಲ್ಲಪ್ಪ."

ಅಪ್ಪ ಕುರ್ಚಿಯಲ್ಲಿ ಕೂತರು. "ಆ ಯಾರಾದ್ರೂ ನೀನೇ ಆಗ್ಬೇಕಾ?" ಎಂದರು.

ಗಣಿತದ ಮೇಷ್ಟ್ರ ವಿಷಯ ಹೇಳಿದೆ. ಅವರನ್ನು ಅಪ್ಪ ನಮ್ಮ ಮನೆಯಲ್ಲೇ ಒಮ್ಮೆ ನೋಡಿದ್ದರು. ಕೇಳಿಸಿಕೊಂಡರು. ಜ್ವರ ಇಳಿಯುವವರೆಗೂ ನಮ್ಮ ಮನೆಯಲ್ಲೇ ಉಳಿದರು.

ಶಾಲೆಯ ಕೆಲಸಕ್ಕೆ ಹೋದಾಗ ಗುಬ್ಬಿಯಲ್ಲೂ ಅದೇ ಮಾತು. ಒಬ್ಬ ಸಹೋದ್ಯೋಗಿ ಕುರ್ಚಿ ಆಚೆ ಎಳೆದುಕೊಂಡು ಕೂತರು. ಇನ್ನೊಬ್ಬರು, "ನೀವು ದೊಡ್ಡ ಕೆಲಸ ಮಾಡಿದ್ದೀರಿ ಮೇಡಂ. ನಮ್ಮ ಮನೆಯೋರು ಮಾಡ್ತೀನಿ ಅಂದ್ರೆ ಮಾತ್ರ ನಾನು ಬಿಡಲ್ಲ" ಎಂದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಲಸಿಕೆ ಬೇಗ ಬರಲಿ ಎಂದು ಎಲ್ಲರೂ ಕಾಯುತ್ತಿದ್ದರು. ತಮ್ಮವರು ಮಾತ್ರ ಮೊದಲು ಹೋಗುವುದು ಬೇಡವಾಗಿತ್ತು. ನನಗೆ ಮಗಳಿದ್ದು ಅವಳು ಹೊರಟಿದ್ದರೆ ನಾನೂ ಅಪ್ಪನ ಮಾತನ್ನೇ ಆಡುತ್ತಿದ್ದೆನೇನೋ.

ತಿಂಗಳು ಬಿಟ್ಟು ಹಾಕುವ ಎರಡನೆಯ ಸೂಜಿಯ ದಿನ ಯಜಮಾನರಿಗೆ ರಜೆ ಸಿಗಲಿಲ್ಲ. ಹಿಂದಿನ ಸಂಜೆ ಅಪ್ಪ ತಾವಾಗಿಯೇ ಬಂದರು. "ನೀನ್ ಹೋಗಾದು ಹೋಗ್ತೀಯ. ಒಬ್ಳೇ ಯಾಕ್ ಹೋಗ್ಬೇಕು?" ಎಂದರು. ಆಸ್ಪತ್ರೆಯ ಒಳಗೆ ಬರಲು ಒಪ್ಪದೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು. ನಾನು ಹೊರಗೆ ಬರುವಾಗ ಒಬ್ಬ ಆಟೋ ಡ್ರೈವರ್ ಜೊತೆ ಮಾತಿಗೆ ಬಿದ್ದಿದ್ದರು. ಆತನೂ ಪ್ರಯೋಗಕ್ಕೆ ಬಂದವನೇ. ಬಸ್ಸಿನಲ್ಲಿ ಅಪ್ಪ ಹೇಳಿದರು: "ಆಟೋದೋನು ಏನಂದ ಗೊತ್ತಾ? ದಿನಾ ಎಷ್ಟೋ ಜನ ಹತ್ತಿ ಇಳೀತಾರೆ ಅಣ್ಣ, ಅವರಿಗೇ ಅಂತ ಬಂದೆ ಅಂದ. ಮನೇಲಿ ಹೇಳಿಲ್ವಂತೆ." ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟು, "ಪಾಪ, ಅವನ ಜೊತೆ ಯಾರೂ ಬಂದಿರ್ನಿಲ್ಲ" ಎಂದರು.

ಆಮೇಲೆ ಅಪ್ಪ ಬದಲಾದರು. ಡೈರಿಯ ಜಗಲಿಯ ಮೇಲೆ ಕೂತು ನನ್ನ ಕತೆಯನ್ನು ಹೇಳತೊಡಗಿದರಂತೆ. ಬೇಸಿಗೆಯ ಹೊತ್ತಿಗೆ ಸರ್ಕಾರ ವಯಸ್ಸಾದವರಿಗೆ ಲಸಿಕೆ ಕೊಡಲು ಶುರು ಮಾಡಿತ್ತು. ಊರಿಗೆ ನರ್ಸಮ್ಮ ಬರುತ್ತಾರೆಂದರೆ ಜನ ತೋಟದ ಕಡೆ ನಡೆದುಬಿಡುತ್ತಿದ್ದರು. ಅಪ್ಪ ಹಾಲು ಹಾಕಲು ಬಂದವರನ್ನೆಲ್ಲ ನಿಲ್ಲಿಸಿ, "ನನ್ ಮಗ್ಳು ಎಲ್ರಿಗಿಂತ ಮೊದ್ಲೇ ಹಾಕ್ಸ್ಕಂಡವ್ಳೆ. ಒಂದಿನ ಜ್ವರ, ಆಮೇಲೆ ಗುಂಡ್‌ಕಲ್ಲಂಗವ್ಳೆ" ಎನ್ನುತ್ತಿದ್ದರು. ಅವರ ಮಾತಿಗೆ ಕೆಲವರು ಹೋಗಿ ಹಾಕಿಸಿಕೊಂಡರು. ನಾನು ಫೋನಿನಲ್ಲಿ ಇದನ್ನೆಲ್ಲ ಕೇಳಿ ಹಿಗ್ಗುತ್ತಿದ್ದೆ.

ಅಷ್ಟರಲ್ಲಿ ನನ್ನ ವಯಸ್ಸಿನವರ ಸರದಿಯೂ ಬಂತು. ಡಾಕ್ಟರಮ್ಮ ಫೋನ್ ಮಾಡಿದರು. ಸರದಿ ಬಂದವರಿಗೆ ಏನು ಹೋಗಿತ್ತೆಂದು ಇನ್ನು ಹೇಳಬಹುದು ಎಂದರು. "ಮೇಡಂ, ನಿಮಗೆ ಹೋಗಿದ್ದು ಲಸಿಕೆ ಅಲ್ಲ. ನೀವು ಹತ್ತಿರದಲ್ಲೇ ಹಾಕಿಸ್ಕೊಳ್ಳಿ, ತಡ ಮಾಡಬೇಡಿ."

"ನಂಗೆ ಜ್ವರ ಬಂತಲ್ಲ ಡಾಕ್ಟ್ರೇ?"

"ಹಾಗೂ ಆಗುತ್ತೆ. ಬೇರೆ ಕಾರಣಕ್ಕೂ ಬಂದಿರಬಹುದು" ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ಉಪ್ಪುನೀರು ಹಾಕಿಸ್ಕೊಂಡೋರು ಇಲ್ಲದಿದ್ರೆ ಲಸಿಕೆ ಕೆಲಸ ಮಾಡ್ತಿದೆ ಅಂತ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ. ತುಂಬಾ ಉಪಕಾರ ಆಯ್ತು ಮೇಡಂ" ಎಂದರು.

ಫೋನ್ ಇಟ್ಟ ಮೇಲೆ ನಗು ಬಂತು. ಮರುಕ್ಷಣವೇ ಡೈರಿಯ ಜಗಲಿ, ಅಲ್ಲಿ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಮಾರನೆಯ ದಿನ ಊರಿಗೆ ಹೋದೆ.

ಅಪ್ಪ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹೇಳಿದೆ. ಹುಲ್ಲಿನ ಕಂತೆ ಕೈಯಲ್ಲಿ ಹಿಡಿದುಕೊಂಡೇ ನಿಂತರು. "ಬರೀ ನೀರಾ?"

"ಉಪ್ಪುನೀರು."

"ಹಂಗಾದ್ರೆ ನಾನ್ ಜನಕ್ಕೆ ಹೇಳಿದ್ದು?"

"ನೀನು ಬೇಕೂಂತ ಹೇಳಿದ್ದಲ್ಲವಲ್ಲಪ್ಪ. ಈಗ ಲಸಿಕೆ ಏನು ಅಂತ ಎಲ್ಲರಿಗೂ ಗೊತ್ತಾಗಿದೆ. ಸುಮ್ನಿದ್ರೂ ನಡೆಯುತ್ತೆ." ಇಷ್ಟು ಹೇಳಿ, ಅಲ್ಲಿಯವರೆಗೆ ಹೊಳೆಯದೇ ಇದ್ದ ಒಂದು ಪ್ರಶ್ನೆ ಕೇಳಿದೆ: "ಅಂದಹಾಗೆ, ನೀನು ಹಾಕ್ಸ್ಕೊಂಡ್ಯಾ?"

ಅಪ್ಪ ಹಸುವಿನ ಕಡೆ ತಿರುಗಿದರು. "ಸಕ್ರೆ ಕಾಯ್ಲೆ ಐತಲ್ಲ. ನೋಡ್ಕಂಡು ಹಾಕ್ಸ್ಕಳಣ ಅಂತಿದ್ದೆ" ಎಂದರು.

ಸಂಜೆ ಹಾಲಿನ ಹೊತ್ತಿಗೆ ನನ್ನನ್ನೂ ಕರೆದುಕೊಂಡು ಡೈರಿಗೆ ಹೊರಟರು. ಕ್ಯಾನು ಹಿಡಿದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಒಂಚೂರು ಕೇಳಿಸ್ಕಳಿ" ಎಂದರು. "ನನ್ ಮಗ್ಳು ಹಾಕ್ಸ್ಕಂಡವ್ಳೆ, ಏನೂ ಆಗ್ನಿಲ್ಲ ಅಂತ ಹೇಳಿದ್ನಲ್ಲ. ಅದು ಔಸ್ದಿ ಅಲ್ವಂತೆ, ಉಪ್ಪುನೀರಂತೆ. ಅವ್ಳಿಗೂ ಗೊತ್ತಿರ್ನಿಲ್ಲ, ನಂಗೂ ಗೊತ್ತಿರ್ನಿಲ್ಲ. ನಿಮ್ಗೆ ಸುಳ್ಳು ಹೇಳ್ದಂಗಾಯ್ತು."

ಸಾಲಿನ ಹಿಂದಿನಿಂದ ಒಬ್ಬರು, "ಉಪ್ಪುನೀರಿಗೇ ಜ್ವರ ಬಂತಾ ಟೀಚರಮ್ಮಂಗೆ?" ಎಂದದ್ದೇ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ನಿಂತವರು ಒಬ್ಬರೇ, ಕೆಳಗಿನ ಬೀದಿಯ ವಯಸ್ಸಾದ ಹೆಂಗಸು. "ನಿನ್ ಮಾತ್ ಕೇಳ್ಕಂಡು ನಾನು ಹಾಕ್ಸ್ಕಂಡೆ ಕಣಣ್ಣ" ಎಂದು ಸಿಟ್ಟಿನಿಂದ ಹೇಳಿದರು.

"ನಿಂಗೇನಾರ ಆಯ್ತಾ ಕಣಕ್ಕ?"

"ತೋಳ್ ನೋವಾಯ್ತು. ಈಗೇನಿಲ್ಲ."

"ಹಂಗಾದ್ರೆ ಇನ್ಮ್ಯಾಕೆ ನಿನ್ ಹೆಸ್ರೇ ಹೇಳ್ತೀನಿ, ಮಗ್ಳ ಹೆಸ್ರು ಬುಡು" ಎಂದರು ಅಪ್ಪ. ಆಕೆಗೂ ನಗು ಬಂತು.

"ನೀವ್ ಹಾಕ್ಸ್ಕಂಡ್ರಾ ಮೊದ್ಲು ಅದ್ ಹೇಳಿ" ಎಂದು ಇನ್ನೊಬ್ಬರು ಕೇಳಿದರು.

"ಇಲ್ಲ ಕಣ್ಲಾ. ಹೆದ್ರಿಕೆ ಆಯ್ತು. ನಾಳೀಕ್ ನರ್ಸಮ್ಮ ಬತ್ತಾರಂತಲ್ಲ, ನಾನೇ ಮೊದ್ಲು ಕೂತ್ಕತೀನಿ. ಬರೋರು ಬನ್ನಿ."

ಮರುದಿನ ಊರಿನ ಶಾಲೆಯ ಜಗಲಿಯಲ್ಲಿ ಅಪ್ಪ ಶರ್ಟಿನ ತೋಳು ಮಡಚಿ ಎಲ್ಲರಿಗಿಂತ ಮೊದಲು ಕೂತರು. ಅವರ ಕನ್ನಡಕ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಅವರ ನಂತರ ನಾನು ಹಾಕಿಸಿಕೊಂಡೆ, ಈ ಸಲ ನಿಜವಾದದ್ದನ್ನು. ಡೈರಿಯ ಸಾಲಿನಲ್ಲಿದ್ದ ಎಷ್ಟೋ ಜನ ಬಂದರು. ಎಲ್ಲರೂ ಬರಲಿಲ್ಲ, ಕೆಲವರು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಅಪ್ಪನನ್ನು ಸುಳ್ಳುಗಾರ ಎಂದು ಯಾರೂ ಅನ್ನಲಿಲ್ಲ. ಅದು ಆ ಊರಿನವರ ದೊಡ್ಡತನ. ಮಾತನ್ನು ಮುಚ್ಚಿಡೋಣ ಎಂದ ನನ್ನ ಸಲಹೆಯನ್ನು ಆ ಸಂಜೆ ಕೇಳದೆ ಹೋದದ್ದು ಅಪ್ಪನ ದೊಡ್ಡತನ.

ಕೊನೆಯ ರಕ್ತ ಪರೀಕ್ಷೆಗೆ ಹೋದಾಗಲೂ ಅಪ್ಪ ಜೊತೆಗಿದ್ದರು. ಅವತ್ತು ಒಳಗೇ ಬಂದರು. ಕಾರಿಡಾರಿನ ಉದ್ದಕ್ಕೂ ನನ್ನ ಹಾಗೇ ಬಂದವರು ಕೂತಿದ್ದರು. ಕಾಲೇಜು ಹುಡುಗಿಯರು, ಸೆಕ್ಯುರಿಟಿ ಸಮವಸ್ತ್ರದ ಒಬ್ಬ ಗಂಡಸು, ಜಪಮಣಿ ಹಿಡಿದ ಒಬ್ಬ ಮುದುಕರು. ಯಾರಿಗೆ ಲಸಿಕೆ ಹೋಗಿತ್ತು, ಯಾರಿಗೆ ಉಪ್ಪುನೀರು ಎಂದು ನೋಡಿದರೆ ತಿಳಿಯುತ್ತಿರಲಿಲ್ಲ. ಅಪ್ಪ ಎಲ್ಲರ ಮುಖವನ್ನೂ ನೋಡುತ್ತಾ ನಡೆದರು. ಡಾಕ್ಟರಮ್ಮನ ಎದುರು ಕೂತಾಗ ಕೈ ಮುಗಿದು ಕೇಳಿದರು:

"ನನ್ ವಯಸ್ಸಿನೋರ್ನೂ ತಗತೀರೇನವ್ವ, ಮುಂದ್ಲ ಸಲ ಏನಾರ ಇದ್ರೆ?"

"ತಗೋತೀವಿ ತಾತ. ಆದ್ರೆ ಮೊದ್ಲು ಎಲ್ಲಾ ಕೇಳಿ ತಿಳ್ಕೋಬೇಕು, ಆಮೇಲೆ ಹೂಂ ಅನ್ಬೇಕು."

"ಕೇಳ್ತೀನಿ ಬುಡವ್ವ. ಕೇಳಕ್ಕೇನ್ ಬರ" ಎಂದರು ಅಪ್ಪ. ನಾನು ಕುಣಿಗಲ್ ಬಸ್ಸು ಹತ್ತಿಸುವವರೆಗೂ ಅವರು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದರು. ನನಗೆ ತಿಳಿದಷ್ಟಕ್ಕೆ ಉತ್ತರ ಹೇಳಿದೆ.