ಫಕೀರಮ್ಮ ನಾದಿದ ಬಸವಣ್ಣ

ಕೊಪ್ಪಳ ಸೀಮೆಯ ಇರಕಲ್ಲಗಡದ ಆಚೆ ಒಂದು ಊರು. ಹೆಸರು ಬರೆದರೆ ಆ ಊರಿನವರಷ್ಟೇ ನಾಚಿಕೊಳ್ಳಬೇಕಾಗುತ್ತದೆ, ಉಳಿದ ನಾವೆಲ್ಲ ತಪ್ಪಿಸಿಕೊಳ್ಳುತ್ತೇವೆ. ಅದಕ್ಕೇ ಬರೆಯುವುದಿಲ್ಲ.

ಫಕೀರಮ್ಮ ಅಲ್ಲಿಯ ಅಂಗನವಾಡಿಯ ಸಹಾಯಕಿ, ದಲಿತರ ಕೇರಿಯವಳು. ಈಕೆ ಅಡುಗೆಗೆ ನಿಂತ ತಿಂಗಳಲ್ಲೇ ಮೇಲಿನ ಓಣಿಯ ಹನ್ನೊಂದು ಮಕ್ಕಳು ಮನೆಯಿಂದ ಊಟದ ಡಬ್ಬಿ ತರತೊಡಗಿದವು. ಮೂರು ವರ್ಷದ ಕೂಸಿಗೆ ಜಾತಿ ಗೊತ್ತೇ? ಕಲಿಸಿ ಕಳಿಸಿದವರು ಹಣೆಗೆ ವಿಭೂತಿ ಹಚ್ಚುವ ದೊಡ್ಡವರು. ಮಕ್ಕಳು ಉಣ್ಣದಿದ್ದರೆ ನಿನ್ನನ್ನು ಕೆಲಸದಿಂದ ತೆಗೆಯುತ್ತೇವೆ ಎಂದು ಇಲಾಖೆಯ ಅಧಿಕಾರಿಗಳು ಫಕೀರಮ್ಮನನ್ನೇ ಗದರಿಸಿ ಹೋದರು. ಡಬ್ಬಿ ಕಟ್ಟಿದವರಿಗೆ ಒಂದು ಮಾತಿಲ್ಲ!

ಉಣ್ಣದಿದ್ದರೂ ಮಕ್ಕಳು ಆಡಲಿ ಎಂದುಕೊಂಡಳು ಆಕೆ. ಮಕ್ಕಳು ಗೊಂಬೆ ಮಾಡಿ ಆಡುವ ಬಣ್ಣದ ಹಿಟ್ಟಿನ ವಿಡಿಯೊವನ್ನು ಟೀಚರ್ ಮಲ್ಲೇಶ್ವರಿ ತೋರಿಸಿದ್ದರು. ಅದರಂತೆ ತಣ್ಣೀರಲ್ಲಿ ಕಲಸಿದ್ದು ಸಂಜೆಯೊಳಗೆ ಬಿರುಕು ಬಿಟ್ಟಿತು. ಜೋಳದ ರೊಟ್ಟಿ ಬಡಿದ ಕೈ ಸುಮ್ಮನಿರುತ್ತದೆಯೇ? ಮರುದಿನ ಎರಡು ಬಟ್ಟಲು ಮೈದಾಕ್ಕೆ ಒಂದು ಬಟ್ಟಲು ಉಪ್ಪು, ಚೂರು ಅರಿಶಿನ, ಎರಡು ಚಮಚ ಎಣ್ಣೆ ಹಾಕಿ, ರೊಟ್ಟಿಗೆ ಹಾಕುವಂತೆ ಕುದಿಯುವ ಎಸರು ಸುರಿದು ನಾದಿದಳು. ಹಿಟ್ಟು ಬೆಣ್ಣೆಯಾಯಿತು. ವಾರವಾದರೂ ಕೆಡಲಿಲ್ಲ.

ಜೋಡಿ ಎತ್ತು ಮಾಡಿ ಬಸವಣ್ಣನೆಂದು ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಮೇಲಿನ ಓಣಿಯ ಕಳಕಮ್ಮ ಮೊಮ್ಮಗಳು ಐಶ್ವರ್ಯಳನ್ನು ಕರೆದುಕೊಂಡು ಬಂದಳು.

"ಟೀಚರ್, ಆ ಹಳದಿ ಹಿಟ್ಟು ಇನ್ನೊಂದೀಟು ಕೊಡ್ರಿ. ನಮ್ಮ ಹುಡುಗಿ ನಿನ್ನೆ ಒಂದ ಎತ್ತು ಮಾಡಿ ತಂದಾಳ. ಕುಂಕುಮ ಹಚ್ಚಿ ದೇವರ ಜಗಲಿ ಮ್ಯಾಲೆ ಕುಂದರ್ಸೀನಿ. ಒಂಟಿ ಎತ್ತಿಗೆ ಯಾರರೆ ಪೂಜಿ ಮಾಡ್ತಾರೇನು? ಎಲ್ಲಿ ಸಿಗತೈತಿ ಇದು, ಕೊಪ್ಪಳದಾಗ?"

"ಕೊಪ್ಪಳ ಯಾಕ್ರಿ? ನಮ್ಮ ಫಕೀರಮ್ಮನ ನಾದತಾಳ" ಎಂದರು ಮಲ್ಲೇಶ್ವರಿ.

ಕಳಕಮ್ಮನ ಮುಖ ಇಳಿಯಿತು. "ಈಕೀನ? ಮೊದ್ಲ ಹೇಳಬಾರದೇನು? ಕುಂಕುಮ ಹಚ್ಚಿಬಿಟ್ಟೀನಲ್ಲ!"

"ಬ್ಯಾಡಾದ್ರ ತಿಪ್ಪಿಗೆ ಒಗೀರಿ, ಅಮ್ಮಾರ" ಎಂದಳು ಫಕೀರಮ್ಮ.

"ಬಾಯಿ ಮುಚ್ಚ! ಬಸವಣ್ಣನ್ನ ತಿಪ್ಪಿಗೆ ಒಗೀತಾರ?" ಎಂದು ಕಳಕಮ್ಮ ಸೆರಗು ಒಡ್ಡಿದಳು. "ಮುಟ್ಟದಂಗ ಮ್ಯಾಲಿಂದ ಹಾಕು."

ಫಕೀರಮ್ಮ ಹಿಟ್ಟಿನ ಉಂಡೆ ಹಿಡಿದು ನಿಂತೇ ಇದ್ದಳು. ಕೆಲಸ ಹೋಗಬಹುದೆಂದು ಆಕೆಗೆ ಗೊತ್ತಿತ್ತು. "ಮ್ಯಾಲಿಂದ ಹಾಕಂಗಿಲ್ರಿ. ಕೈಯಾಗ ತಗೋರಿ. ಬಸವಣ್ಣಗ ನಡೀತು, ನಿಮಗ ನಡಿಯಂಗಿಲ್ಲೇನು?"

ಮನೆಯಲ್ಲಿ ದೇವರ ಜಗಲಿಯ ಮೇಲೆ ಒಂಟಿ ಎತ್ತು ಕಾಯುತ್ತಿತ್ತು. ಕಳಕಮ್ಮ ಕೈ ಚಾಚಿ, ಕಿತ್ತುಕೊಂಡಂತೆ ತೆಗೆದುಕೊಂಡು ಹೋದಳು.

ಮರುದಿನವೂ ಐಶ್ವರ್ಯಳ ಡಬ್ಬಿ ಬಂತು. ಅದರ ಮರುದಿನವೂ ಬಂತು. ಮೂರನೆಯ ದಿನ ಕಳಕಮ್ಮ ಹುಡುಗಿಯನ್ನು ಬರಿಗೈಯಲ್ಲಿ ಕರೆತಂದು ಹೊಸ್ತಿಲಾಚೆಯೇ ನಿಂತು ಹೇಳಿದಳು: "ಇವತ್ತ ಡಬ್ಬಿ ಕಟ್ಟಿಲ್ಲ. ನೀ ನಾದಿದ್ದಕ್ಕ ಆರತಿ ಬೆಳಗಿ, ಕೈ ಮುಗದೀನಿ. ಇನ್ನ ಯಾವ ಮುಖ ಇಟ್ಕೊಂಡು ಕಟ್ಲಿ?" ಉತ್ತರಕ್ಕೆ ಕಾಯಲಿಲ್ಲ. ಒಳಗೂ ಬರಲಿಲ್ಲ.

ಮಧ್ಯಾಹ್ನ ಐಶ್ವರ್ಯ ಅನ್ನಸಾರು ಕಲಸಿಕೊಂಡು ಮೊಣಕೈವರೆಗೂ ಸುರಿಸಿಕೊಳ್ಳುತ್ತ ಉಂಡಳು.

"ಇನ್ನೂ ಹತ್ತು ಡಬ್ಬಿ ಅದಾವಲ್ಲ ಫಕೀರಮ್ಮ" ಎಂದರು ಟೀಚರ್.

"ಇರ್ಲಿ ಬಿಡ್ರಿ. ಹತ್ತೂ ಹುಡುಗೂರು ತಮ್ಮ ಡಬ್ಬಿ ಬಿಟ್ಟು ಈಕಿ ತಾಟ ನೋಡಾಕತ್ಯಾವ."