ರೇಷ್ಮೆ ಲಡಿಯೂ ನಾಲ್ಕು ಕೊಂಬಿನ ರೌಟರೂ

‘ಈ ಓಣಿಗೆ ನೆಟ್ಟು ಬರಲ್ಲ. ಬಂದ್ರೂ ನಿಲ್ಲಲ್ಲ. ನೀನು ಮನ್ಯಾಗೆ ಕುಂತ್ಕಂಡು ಎಂ.ಎ. ಮುಗಿಸ್ತೀನಿ ಅಂಬದು ಆಗದ ಮಾತು ಕಣ್ಲೇ.’

ಹೀಗೆ ಹೇಳಿದ್ದು ನಮ್ಮ ಸೋದರಮಾವ ತಿಪ್ಪೇಸ್ವಾಮಿ. ಮೊಳಕಾಲ್ಮುರಿನ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಓಣಿ ಅಷ್ಟೇ. ನಾವು ಸೀರೆ ನೇಯುವವರು, ಅವರು ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಮಾವ ಆಗದು ಎಂದದ್ದು ಸಾಮಾನ್ಯವಾಗಿ ಆಗುವುದಿಲ್ಲ. (ಆಗುತ್ತದೆ ಎಂದು ಅವರು ಯಾವುದಕ್ಕೂ ಹೇಳಿದ ನೆನಪು ನನಗಿಲ್ಲ.)

ನಿಮಗೆ ಗೊತ್ತೇ ಇದೆ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಹಗಲು ಚಳ್ಳಕೆರೆಯಲ್ಲಿ ಕಾಲೇಜು, ಸಂಜೆ ಅಲ್ಲೇ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗುವ ಕೆಲಸ. ಹಾಗೆ ಬಂದದ್ದು ನನ್ನ ಬಿ.ಎ. ಈ ಮಾತನ್ನು ಇದೇ ಅಂಕಣದಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇನ್ನೂ ಹೇಳುತ್ತೇನೆ. ಕಷ್ಟಪಟ್ಟು ಗಳಿಸಿದ್ದನ್ನು ಮುಚ್ಚಿಡಬೇಕೇನು?

ಈಗ ಚಳ್ಳಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರದೇ ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರ ಜಾಗ ಖಾಲಿ ಇತ್ತು. ‘ಕಾಲೇಜು ಶುರುವಾಗೋದರೊಳಗೆ ಎಂ.ಎ. ತೋರಿಸಿ, ಇಲ್ಲಾಂದ್ರೆ ಬೇರೆಯವರು ಸಾಲಿನಲ್ಲಿದ್ದಾರೆ’ ಎಂದರು ಕಾರ್ಯದರ್ಶಿ. ಆನ್‌ಲೈನ್‌ನಲ್ಲಿ ಕಟ್ಟಿದ್ದ ನನ್ನ ಎಂ.ಎ.ಗೆ ಉಳಿದಿದ್ದು ವೈವಾ ಒಂದೇ. ಕ್ಯಾಮೆರಾ ಮುಂದೆ ಕೂತು, ನಾನು ಬರೆದ ಪ್ರಾಜೆಕ್ಟಿನ ಬಗ್ಗೆ ಪ್ರೊಫೆಸರರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ನಿಯಮ ಎರಡು. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. ಸಂಪರ್ಕ ಕಡಿದು ಹತ್ತು ನಿಮಿಷದೊಳಗೆ ಮರಳದಿದ್ದರೆ ಗೈರುಹಾಜರಿ, ಮತ್ತೆ ಮುಂದಿನ ವರ್ಷವೇ.

ಮುಂದಿನ ವರ್ಷ ಆ ಜಾಗ ನನಗಾಗಿ ಕಾಯುತ್ತದೆಯೇ?

ನಮ್ಮ ಮನೆಯ ನೆಟ್ಟಿಗೋ ಒಂದು ಚಾಳಿ. ಬೆಳಿಗ್ಗೆ ಚೆನ್ನಾಗಿರುತ್ತದೆ. ಮಧ್ಯಾಹ್ನ ಮಾಯ. ‘ನನ್ ಸೀರಿಯಲ್ಲು ಸೊಸೆ ಬಾಯಿ ತೆಗಿಯೋ ಹೊತ್ಗೆ ನಿಂತೋಗ್ತದೆ ಕಣಪ್ಪ’ ಎಂದು ಅವ್ವ ದಿನಾ ದೂರುತ್ತಿದ್ದಳು. ದಿನಾ ಅಲ್ಲ, ವಾರದಲ್ಲಿ ಕೆಲವು ದಿನ. ನಾನು ಆ ಹೊತ್ತಿಗೆ ಚಳ್ಳಕೆರೆಯಲ್ಲಿರುತ್ತಿದ್ದೆ. ಕಂಪನಿಗೆ ಫೋನ್ ಹಚ್ಚಿದರೆ ಒಂದೇ ಮಂತ್ರ: ‘ಸರ್, ಒಂದು ಸಲ ಆಫ್ ಮಾಡಿ ಆನ್ ಮಾಡಿ.’

ಓದಿದವನು ಏನು ಮಾಡುತ್ತಾನೆ? ಹೊಸದು ಕೊಳ್ಳುತ್ತಾನೆ.

ಚಳ್ಳಕೆರೆಯ ಅಂಗಡಿಯಲ್ಲಿ ರೌಟರ್‌ಗಳನ್ನು ಸಾಲಾಗಿ ಇಟ್ಟಿದ್ದರು. ಆಂಟೆನಾಗಳೇ ಕೊಂಬು. ಎರಡು ಕೊಂಬಿನದು, ನಾಲ್ಕು ಕೊಂಬಿನದು, ಆರು ಕೊಂಬಿನದು. ಅಂಗಡಿಯ ಭಾಯ್ ಕೇಳಿದ್ದು ಒಂದೇ ಪ್ರಶ್ನೆ. ‘ಮನೆ ಗೋಡೆ ಎಂಥದ್ದು ಮೇಷ್ಟ್ರೇ?’

‘ಹಳೇ ಕಲ್ಲಿನ ಗೋಡೆ.’

‘ಫಿಕರ್ ಮಾಡಬ್ಯಾಡ್ರಿ. ನಾಲ್ಕು ಕೊಂಬಿಂದು ಒಯ್ರಿ, ಏಕ್ ನಂಬರ್ ಮಾಲು.’

ನಾನೂ ಕೊಂಬು ನೋಡಿಯೇ ಕೊಂಡೆ, ಹಳ್ಳಿಕಾರ್ ಹೋರಿ ಕೊಂಡ ಹಾಗೆ. ಕೊಂಡ ಮೇಲೆ ಕೂತು ಓದಿಕೊಂಡದ್ದನ್ನು ನಿಮಗೆ ಹೇಳಿಬಿಡುತ್ತೇನೆ, ನೀವಾದರೂ ಮೊದಲೇ ತಿಳಿದುಕೊಳ್ಳಿ. ಕೊಂಬಿನ ಲೆಕ್ಕದಲ್ಲಿ ಹೆಚ್ಚೇನೂ ಇಲ್ಲ. ಎರಡು ಬ್ಯಾಂಡ್ ಇದೆಯೇ ನೋಡಿ. ಒಂದು ನಿಧಾನ, ಆದರೆ ಗೋಡೆ ದಾಟುತ್ತದೆ. ಇನ್ನೊಂದು ವೇಗ, ಕಲ್ಲಿನ ಗೋಡೆ ಕಂಡರೆ ಸುಸ್ತಾಗುತ್ತದೆ. ರೌಟರನ್ನು ಮನೆಯ ನಡುಮಧ್ಯೆ, ಎತ್ತರದಲ್ಲಿ, ಬಯಲಾಗಿ ಇಡಿ. ಸ್ಟೀಲ್ ಪಾತ್ರೆಯ ಸ್ಟ್ಯಾಂಡಿನ ಹಿಂದೆ ಇಡಬೇಡಿ. ಕರೆಂಟ್ ಹೋದಾಗ ಅದನ್ನು ನಡೆಸುವ ಸಣ್ಣ ಬ್ಯಾಟರಿ ಸಿಗುತ್ತದೆ, ಅದೂ ಇರಲಿ. ತೀರಾ ಮುಖ್ಯವಾದ ಕೆಲಸವಿದ್ದರೆ ವೈಫೈ ನಂಬದೆ ರೌಟರ್‌ನಿಂದ ಲ್ಯಾಪ್‌ಟಾಪಿಗೆ ನೇರ ವೈರ್ ಎಳೆದುಬಿಡಿ.

ಇಷ್ಟೆಲ್ಲ ಮಾಡಿದೆ. ಮರುದಿನ ನೋಡಿದರೆ ಅವ್ವ ಹೊಸ ರೌಟರಿಗೆ ಟವೆಲ್ ಹೊದಿಸಿದ್ದಳು.

‘ಯಾಕವ್ವ?’

‘ಮಗ್ಗದ ಧೂಳು ಕುಂದರ್ತದಲ್ಲೋ. ಸಾವಿರಗಟ್ಲೆ ಕೊಟ್ಟು ತಂದೀಯ.’

‘ಅದು ಕಾಯ್ತದವ್ವ, ಉಸಿರು ಕಟ್ತದೆ.’

‘ಹಂಗಾರೆ ತೆಳ್ಳಂದು ಹೊದಿಸ್ತೀನಿ ಬಿಡು.’

ವೈವಾ ಭಾನುವಾರ ಮಧ್ಯಾಹ್ನ. ಶಾಲೆಯಲ್ಲೇ ಕೂರಬಹುದಿತ್ತಲ್ಲ ಎನ್ನುತ್ತೀರಿ. ಭಾನುವಾರ ಶಾಲೆಗೆ ಬೀಗ. ಸೈಬರ್ ಅಂಗಡಿಯಲ್ಲಿ ಒಬ್ಬನೇ ಕೂರುವ ಕೋಣೆ ಎಲ್ಲಿದೆ? ಮೊಬೈಲ್ ಸಿಗ್ನಲ್ಲು ನಮ್ಮ ಓಣಿಯಲ್ಲಿ ಮಾಳಿಗೆ ಹತ್ತಿದವರಿಗೆ ಮಾತ್ರ. ಅತ್ತ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಆಕಾಶಕ್ಕೆ ಸಂಬಂಧಪಟ್ಟ ದೊಡ್ಡ ದೊಡ್ಡ ಕೆಲಸ ನಡೆಯುತ್ತದಂತೆ. ಇತ್ತ ನಾನು ಒಂದು ಪೆಟ್ಟಿಗೆಯ ಮಿಣುಕು ದೀಪ ನೋಡಿಕೊಂಡು ಎದೆ ಹಿಡಿದುಕೊಂಡಿದ್ದೆ.

ಒಳಕೋಣೆಯ ಬಾಗಿಲು ಹಾಕಿಕೊಂಡೆ. ತೆರೆಯ ಮೇಲೆ ಇಬ್ಬರು ಬಂದರು, ಒಬ್ಬರು ಮೇಡಂ, ಒಬ್ಬರು ಸರ್. ನನ್ನ ಪ್ರಾಜೆಕ್ಟು ನಮ್ಮ ತಾಲ್ಲೂಕಿನದೇ ಆದ ಜಟಿಂಗ ರಾಮೇಶ್ವರ ಬೆಟ್ಟದ ಅಶೋಕನ ಶಾಸನದ ಬಗ್ಗೆ. ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ಮೇಡಂ ಕೇಳಿದರು:

‘ಇಷ್ಟು ಎತ್ತರದ ಬೆಟ್ಟದ ಮೇಲೆ ಶಾಸನ ಬರೆಸಿದ್ದು ಯಾಕೆ ಅಂತ ನಿಮಗೆ…’

ಅಲ್ಲಿಗೆ ನಿಂತರು. ಬಾಯಿ ಅರ್ಧ ತೆರೆದೇ ಇತ್ತು. ಕಣ್ಣು ಮಿಟುಕಲಿಲ್ಲ.

ಎರಡು ಸಾವಿರ ವರ್ಷದ ಹಿಂದೆ ಒಬ್ಬ ಚಕ್ರವರ್ತಿ ಪಾಟಲೀಪುತ್ರದಿಂದ ಕಳಿಸಿದ ಮಾತು ನಮ್ಮ ಬೆಟ್ಟದವರೆಗೆ ಬಂತು. ನನ್ನ ಮಾತು ಓಣಿಯ ತುದಿಯವರೆಗೂ ಹೋಗಲಿಲ್ಲವಲ್ಲ!

ಪಡಸಾಲೆಗೆ ಓಡಿದೆ. ನಾಲ್ಕು ಕೊಂಬಿನ ರೌಟರ್ ಹಸಿರಾಗಿ ನಗುತ್ತಿತ್ತು. ಅದರ ಪಕ್ಕದಲ್ಲಿ, ಹೊರಗಿನ ವೈರ್ ಬಂದು ಸೇರುವ ಕಂಪನಿಯ ಸಣ್ಣ ಬಿಳಿ ಡಬ್ಬಿಯಲ್ಲಿ ಮಾತ್ರ ಕೆಂಪು ದೀಪ. ಆಗ ಹೊಳೆಯಿತು. ಇಷ್ಟು ದಿನ ನಾನು ರೌಟರನ್ನೇ ಬೈಯುತ್ತಿದ್ದೆ. ರೋಗ ಇದ್ದದ್ದು ಹೊರಗೆ.

ವೈರಿನ ಜಾಡು ಹಿಡಿದು ಬಾಗಿಲಾಚೆ ಬಂದೆ. ತಲೆ ಎತ್ತಿದೆ.

ಓಣಿಯ ಉದ್ದಕ್ಕೂ ನನ್ನ ಇಂಟರ್ನೆಟ್ಟಿನ ಮೇಲೆ ಕೆಂಪು ರೇಷ್ಮೆ ನೂಲಿನ ಲಡಿಗಳು ಸಾಲಾಗಿ ನೇತಾಡುತ್ತಿದ್ದವು. ಒದ್ದೆ ಲಡಿಗಳು. ತೊಟ್ಟಿಕ್ಕುತ್ತಿದ್ದವು. ಕೆಳಗೆ ಮಾವ, ಇನ್ನೊಂದು ಲಡಿ ಕೊಡವುತ್ತಾ ನಿಂತಿದ್ದರು.

ಬಣ್ಣ ಹಾಕಿದ ರೇಷ್ಮೆಯನ್ನು ಬಿಸಿಲಿಗೆ ಹಾಕುವಂತಿಲ್ಲ, ಬಣ್ಣ ಮಾಸುತ್ತದೆ. ನೆರಳಲ್ಲೇ ಆರಬೇಕು. ಮಧ್ಯಾಹ್ನ ನೆರಳಿರುವುದು ನಮ್ಮ ಓಣಿಯಲ್ಲಿ. ಮಾವ ಲಡಿ ಆರಹಾಕುತ್ತಿದ್ದ ಬಿದಿರಿನ ಗಳ ಮುರಿದುಹೋಗಿತ್ತು. ಕಂಪನಿಯವರು ಎಳೆದ ಕಪ್ಪು ವೈರ್ ಮೇಕೆಗೂ ಸಿಗದ ಎತ್ತರದಲ್ಲಿತ್ತು. ಇನ್ನೇನು ಬೇಕು? ಬಣ್ಣ ಹಾಕಿದ ದಿನವೆಲ್ಲ ಮಧ್ಯಾಹ್ನ ಲಡಿಗಳು ಅದರ ಮೇಲೇ. ಭಾರಕ್ಕೆ ಜೋಲುತ್ತದೆಂದು ಅದನ್ನು ತಮ್ಮ ಕಿಟಕಿಯ ಸರಳಿಗೆ ಒಂದು ಸುತ್ತು ಬಿಗಿದೂ ಇದ್ದರು. ಆ ವೈರಿನೊಳಗೆ ಹರಿಯುವುದು ಬೆಳಕು. ಹಾಗೆ ಮುರಿದಂತೆ ಮಡಿಸಿ, ಮೇಲೆ ಭಾರ ಹೇರಿದರೆ ಅದು ಅಲ್ಲೇ ನಿಲ್ಲುತ್ತದೆ.

‘ಮಾವಾ! ತೆಗೀರಿ, ಎಲ್ಲಾ ತೆಗೀರಿ! ಅದು ನೆಟ್ಟಿನ ವೈರು!’

‘ನೆಟ್ಟಾ? ನಾನು ಕರೆಂಟಿಲ್ಲದ ವೈರು ಅಂತ ಮುಟ್ಟಿ ನೋಡಿ ಹಾಕೀನಿ ಕಣ್ಲೇ.’

‘ಪರೀಕ್ಷೆ ನಡೀತೈತೆ ಮಾವ! ನನ್ನ ವರ್ಷ ಹೋಗ್ತದೆ!’

ಮಾವ ಒದ್ದೆ ಲಡಿಗಳನ್ನು ಒಂದೊಂದಾಗಿ ಎಳೆದರು. ರೇಷ್ಮೆಯನ್ನು ನೆಲಕ್ಕೆ ಹಾಕುವ ಹಾಗಿಲ್ಲ. ಅಷ್ಟನ್ನೂ ತಮ್ಮ ಹೆಗಲ ಮೇಲೇ ಹಾಕಿಕೊಂಡರು. ಬಿಳಿ ಬನಿಯನ್ನಿನ ಮೇಲೆ ಕೆಂಪು ಇಳಿಯತೊಡಗಿತು. ಸರಳಿಗೆ ಬಿಗಿದ ಸುತ್ತನ್ನು ನಾನು ಬಿಚ್ಚಿದೆ.

‘ದೀಪ ಏನಾತವ್ವಾ?’ ಎಂದು ಕೂಗಿದೆ.

‘ಕೆಂಪೇ ಐತೋ!’ ಅವ್ವ ಡಬ್ಬಿಯ ಮುಂದೆ ಕೂತು ಒಳಗಿನಿಂದ ಕೂಗಿದಳು.

ವೈರ್ ಜೋತುಬಿದ್ದು, ಮಡಿಕೆ ಹಾಗೇ ಉಳಿದಿತ್ತು. ಮಾವ ಮೇಕೆಗೆ ಸೊಪ್ಪು ಇಳಿಸುವ ಕವೆಗೋಲು ತಂದು ಅದನ್ನು ಮೆಲ್ಲಗೆ ಮೇಲೆತ್ತಿದರು.

‘ಹಸುರಾತು! ಹಸುರಾತು!’

‘ಒಳಗೆ ಹೋಗಲೇ, ಏನು ನಿಂತ್ಕಂಡೀಯ ನನ್ ಮಕ ನೋಡ್ಕಂಡು!’ ಮಾವ ಗದರಿದರು.

ಓಡಿ ಹೋಗಿ ಕೂತೆ, ಅವ್ವ ಇನ್ನೂ ಕೂಗುತ್ತಲೇ ಇದ್ದಳು. ಮೇಡಂ ಅವರ ಬಾಯಿ ಮುಚ್ಚಿತು, ತೆರೆಯಿತು. ಉಸಿರು ಬಂತು.

‘ಹತ್ತು ನಿಮಿಷ ಆಗ್ತಾ ಬಂದಿತ್ತು’ ಎಂದರು ಸರ್, ಗಡಿಯಾರ ನೋಡಿ. ‘ಯಾರೋ ಹಸುರು ಅಂತ ಕೂಗ್ತಿದ್ರಲ್ಲ, ಕೋಣೆಯಲ್ಲಿ ಇದ್ದಾರಾ?’

‘ಇಲ್ಲ ಸರ್, ಪಡಸಾಲೆಯಲ್ಲಿ ನಮ್ಮವ್ವ. ನೆಟ್ ಬಂತು ಅಂತ.’

ಸರ್ ನಗಲಿಲ್ಲ. ಮೇಡಂ ನಕ್ಕರು. ಪ್ರಶ್ನೆ ಮುಂದುವರಿಯಿತು. ಜನ ಎಲ್ಲಿ ಸೇರುತ್ತಾರೋ ಅಲ್ಲಿ ಬರೆದರೆ ಮಾತು ಮುಟ್ಟುತ್ತದೆ, ಬೆಟ್ಟಕ್ಕೆ ಹತ್ತುವವರು ಆಗಲೂ ಇದ್ದಿರಬೇಕು ಎಂದೆಲ್ಲ ಹೇಳಿದೆ. ಹೇಳುವಾಗ ಕಿವಿ ಮಾತ್ರ ಹೊರಗಿತ್ತು. ಮಾವನ ತೋಳು ಸೋತರೆ? ಓಣಿಯಲ್ಲಿ ಯಾರಾದರೂ ಬೈಕ್ ತಂದು ‘ಜರುಗಿ’ ಎಂದರೆ? ಮಾವ ಒಮ್ಮೆ ಕೆಮ್ಮಿದ್ದು ಕೇಳಿತು. ನನಗೆ ಶಾಸನದ ರಾಜನ ಹೆಸರೇ ಮರೆತುಹೋಗುವಂತಾಯಿತು.

ಮುಗಿಯಿತು. ಹೊರಬಂದು ನೋಡಿದರೆ ಮಾವ ಹಾಗೇ ನಿಂತಿದ್ದರು. ಕವೆಗೋಲು ನಡುಗುತ್ತಿತ್ತು. ಹೆಗಲ ಮೇಲೆ ಯಾರದೋ ಮದುವೆ ಸೀರೆಯ ಕೆಂಪು.

‘ಬಿಡಲಾ?’ ಎಂದರು.

ಮಾರನೆಯ ದಿನ ಕಂಪನಿಯವರು ಬಂದು ಕೆಟ್ಟ ತುಂಡನ್ನು ಕತ್ತರಿಸಿ ಹೊಸದು ಜೋಡಿಸಿದರು. ನಾನು ಮಾವನಿಗೆ ಒಂದು ಬಿದಿರಿನ ಗಳ ಕೊಡಿಸಿದೆ. (ರೌಟರಿಗಿಂತ ಮೊದಲು ಕೊಳ್ಳಬೇಕಾಗಿದ್ದದ್ದು ಅದನ್ನು.) ನಿಮ್ಮ ಮನೆಯ ನೆಟ್ ಕಡಿಯುತ್ತಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಯಾವ ದೀಪ ಕೆಂಪಾಗಿದೆ ನೋಡಿ. ಆಮೇಲೆ ವೈರ್ ಹಿಡಿದು ಹೊರಗೆ ನಡೆಯಿರಿ.

ಕಳೆದ ವಾರ, ಕಾಲೇಜು ಶುರುವಾಗುವ ಮೊದಲೇ, ಚಳ್ಳಕೆರೆಯ ಅಧ್ಯಯನ ಕೇಂದ್ರದಲ್ಲಿ ಎಂ.ಎ. ಸರ್ಟಿಫಿಕೇಟ್ ಕೊಟ್ಟರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಅವ್ವ ಕಣ್ಣಿಗೊತ್ತಿಕೊಂಡಳು. ಆಮೇಲೆ ಓಣಿ ದಾಟಿ ಮಾವನ ಮುಂದೆ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

‘ಕೈಯಾಗೆ ಬಣ್ಣ ಐತೆ. ನೀನೇ ಹಿಡ್ಕಾ, ನಾನು ನೋಡ್ತೀನಿ.’

ಹಿಡಿದೆ. ಮಾವ ಬಗ್ಗಿ, ಮೇಲಿನಿಂದ ಕೆಳಗಿನ ಸಹಿವರೆಗೆ ನಿಧಾನಕ್ಕೆ ಕಣ್ಣಾಡಿಸಿದರು. ಆಮೇಲೆ ಕೇಳಿದರು:

‘ಎಲ್ಲಾ ಸರಿ. ವೈರು ಎತ್ತಿ ಹಿಡಿದೋನ ಹೆಸ್ರು ಎಲ್ಲೈತಲೇ ಇದ್ರಾಗೆ?’