ಶೋಗೆ ಸಜ್ಜಾದ ಬೆಕ್ಕು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಬನ್ನೂರು ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ದಿನವಿಡೀ ಹಸು, ಎಮ್ಮೆ, ಕುರಿಗಳದೇ ಕಾರುಬಾರು. ಬೆಕ್ಕಿಗೆ ಚಿಕಿತ್ಸೆ ಎಂದರೆ ಸಾಲಿನಲ್ಲಿ ನಿಂತವರು ಮುಸಿಮುಸಿ ನಗುತ್ತಿದ್ದರು. ಒಂದು ಶುಕ್ರವಾರ ಬೆಳಿಗ್ಗೆ ಮಾದೇವಪ್ಪ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿಬಂದಾಗ ನನಗೂ ನಗು ಬಂತು. ಟವೆಲು ಬಿಡಿಸಿದ ಮೇಲೆ ಆ ನಗು ಉಳಿಯಲಿಲ್ಲ.

ಮಾದೇವಪ್ಪ ಹಳೆಯ ಪರಿಚಯದವರು. ಹಾಲು ಕರೆಯುವ ಸ್ಪರ್ಧೆಗಳಲ್ಲಿ ಅವರ ಹಸುಗಳು ಬಹುಮಾನ ತಂದಿದ್ದವು. ಸ್ಪರ್ಧೆಗೆ ಮುಂಚೆ ಹಸುವಿನ ಮೈ ತೊಳೆದು, ಉಣ್ಣೆಹುಳ ತೆಗೆದು, ಕೊಂಬಿಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸುವುದರಲ್ಲಿ ಅವರದು ಎತ್ತಿದ ಕೈ. ಬೆಕ್ಕು ಮಾತ್ರ ಮಗಳು ಪವಿತ್ರಳದು: ಬಿಳಿ ಪರ್ಷಿಯನ್, ಹೆಸರು ಮಲ್ಲಿ. ಆ ಭಾನುವಾರ ಮೈಸೂರಿನಲ್ಲಿ ಕ್ಯಾಟ್ ಶೋ ಇತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಪವಿತ್ರ, ದಿನಾ ಕೂದಲು ಬಾಚು, ಬೇರೇನೂ ಮಾಡಬೇಡ ಎಂದು ಅಪ್ಪನಿಗೆ ಕಟ್ಟಪ್ಪಣೆ ಮಾಡಿದ್ದಳು. ಹಿಂದಿನ ಸಂಜೆಯಷ್ಟೇ ಊರಿಗೆ ಬಂದವಳು ಈಗ ಅಪ್ಪನ ಹಿಂದೆಯೇ ನಿಂತಿದ್ದಳು.

ಮಲ್ಲಿಯ ಮೈಯೆಲ್ಲ ನಡುಗುತ್ತಿತ್ತು, ಕಿವಿ ಅದುರುತ್ತಿತ್ತು, ಬಾಯಲ್ಲಿ ಜೊಲ್ಲು. ಫಿಟ್ಸ್ ಬಂದರೂ ಹೀಗೇ, ವಿಷವೇರಿದರೂ ಹೀಗೇ.

"ಮೈಗೆ ಏನಾದ್ರೂ ಹಚ್ಚಿದ್ರಾ?"

"ಏನೂ ಇಲ್ಲ ಸಾ," ಎಂದರು ಮಾದೇವಪ್ಪ, ಮಗಳ ಮುಖ ನೋಡುತ್ತ.

ನಡುಕ ತಗ್ಗಿಸುವ ಇಂಜೆಕ್ಷನ್ ಕೊಟ್ಟೆ. ನಿಂತಂತಾಗಿ ಮತ್ತೆ ಶುರುವಾಯಿತು. ಮತ್ತೆ ಕೇಳಿದೆ, ಸಿಟ್ಟು ಬಂದು ಗದರಿಯೂ ಕೇಳಿದೆ. ಅದೇ ಉತ್ತರ. ಬಹಳ ಹೊತ್ತಿನ ಮೇಲೆ ಪವಿತ್ರ ನೀರು ತರಲು ಹೊರಗೆ ಹೋದಾಗ ಮಾದೇವಪ್ಪ ನನ್ನ ತೋಳು ಹಿಡಿದುಕೊಂಡರು.

"ದನಕ್ಕೆ ಆಕೋ ಉಣ್ಣೆ ಔಸ್ದಿ ಸಾ. ಒಂದು ಚಿಗಟ ಕಾಣ್ತು. ಶೋನಲ್ಲಿ ಮಗೀಗೆ ಅವಮಾನ ಆಯ್ತದೆ ಅಂತ ನಿನ್ನೆ ವಸಿ ತಿಕ್ಬುಟ್ಟೆ. ಅವ್ಳಿಗೆ ಯೋಳ್ಬೇಡಿ."

ಆ ಔಷಧಿಯಲ್ಲಿರುವುದು ಪೈರೆಥ್ರಾಯ್ಡ್ ಎಂಬ ಕೀಟನಾಶಕ. ಹಸುವಿನ ದೇಹ ಅದನ್ನು ಅರಗಿಸಿ ಹೊರಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿಯಿಲ್ಲ. ಮೈಮೇಲೆ ಇರುವಷ್ಟು ಹೊತ್ತೂ ವಿಷ ಒಳಗಿಳಿಯುತ್ತಲೇ ಇರುತ್ತದೆ. ತಕ್ಷಣ ಉದ್ದ ಕೂದಲನ್ನೆಲ್ಲ ಕತ್ತರಿಸಿ, ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದೆವು. ತಿಂಗಳುಗಟ್ಟಲೆ ಬಾಚಿದ ಕೂದಲು ಮೇಜಿನ ಕೆಳಗೆ ಬಿತ್ತು. ನೀರು ತಂದ ಪವಿತ್ರ ಅದನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಮಲ್ಲಿ ಸತ್ತುಹೋಯಿತು.

"ಮೊದ್ಲೇ ಯೋಳಿದ್ರೆ ಉಳೀತಿತ್ತಾ ಸಾ?" ಎಂದು ಕೇಳಿದರು ಮಾದೇವಪ್ಪ.

ಉಳಿಯುತ್ತಿತ್ತೇನೋ. ಮಗಳು ಪಕ್ಕದಲ್ಲೇ ಇದ್ದಳು.

"ಇಲ್ಲ ಮಾದೇವಪ್ಪ, ನೀವು ಬರೋ ಹೊತ್ತಿಗೇ ಕೈ ಮೀರಿತ್ತು," ಎಂದೆ. ಆ ಸುಳ್ಳಿಗಾಗಿ ನನಗೆ ಇಂದಿಗೂ ಬೇಸರವಿಲ್ಲ. ಮಗಳ ಎದುರಿಗೇ ಅವರನ್ನು ಗದರಿ ಕೇಳಿದ್ದಕ್ಕೆ ಇದೆ.

ಉಳಿದ ಎರಡು ವರ್ಷ, ವಿಷದ ಅನುಮಾನ ಬಂದಾಗಲೆಲ್ಲ ಮನೆಯವರನ್ನು ಹೊರಗೆ ಕಳಿಸಿ, ಪ್ರಾಣಿಯನ್ನು ಎಲ್ಲರಿಗಿಂತ ಹೆಚ್ಚು ಅಕ್ಕರೆಯಿಂದ ನೋಡಿಕೊಳ್ಳುವವರೊಬ್ಬರನ್ನೇ ಒಳಗೆ ಉಳಿಸಿಕೊಂಡು ಮೆಲ್ಲಗೆ ಕೇಳುತ್ತಿದ್ದೆ. ಹಚ್ಚಿದವರು ಹೆಚ್ಚಾಗಿ ಅವರೇ ಆಗಿರುತ್ತಿದ್ದರು.